ರಸ್ತೆಗಿಂತ ಕೆಳಗಿರುವ ಅಂಗಡಿಗೆ ಬೋರ್ಡ್: ನಗರಸಭೆಯ ಒಪ್ಪಿಗೆ ಪಡೆದ ನನ್ನ ಅನುಭವ

ಮಡಿಕೇರಿಯ ಎಷ್ಟೋ ಕಟ್ಟಡಗಳು ರಸ್ತೆಯಿಂದ ನೋಡಿದರೆ ಒಂದೇ ಅಂತಸ್ತು, ಹಿಂದಿನಿಂದ ನೋಡಿದರೆ ಮೂರು. ರಸ್ತೆ ಮಟ್ಟದ ಮಳಿಗೆಗೆ ಬಾಡಿಗೆದಾರರು ಕ್ಯೂ ನಿಲ್ಲುತ್ತಾರೆ, ಮೆಟ್ಟಿಲಿಳಿದು ಹೋಗಬೇಕಾದ ಮಳಿಗೆ ವರ್ಷಗಟ್ಟಲೆ ಖಾಲಿ ಬಿದ್ದಿರುತ್ತದೆ. ಕಾರಣ ಸರಳ: ಅಲ್ಲೊಂದು ಅಂಗಡಿ ಇದೆ ಎಂದೇ ದಾರಿಹೋಕರಿಗೆ ತಿಳಿಯುವುದಿಲ್ಲ.

ನಾನು ಸಿವಿಲ್ ಇಂಜಿನಿಯರ್. ಮೈಸೂರು ರಸ್ತೆ ಬದಿಯ ಇಂಥದ್ದೊಂದು ವಾಣಿಜ್ಯ ಕಟ್ಟಡಕ್ಕೆ ನಾಮಫಲಕಗಳ ಅನುಮತಿ, ಜೊತೆಗೆ ಮಾಮೂಲಿ ಷರತ್ತಿನಿಂದ ಒಂದಿಷ್ಟು ವಿನಾಯಿತಿ, ಇವೆರಡನ್ನೂ ಮಾಡಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಮೇಲೆ ಮೆಡಿಕಲ್, ಬೇಕರಿ, ಮೊಬೈಲ್ ಅಂಗಡಿ. ಕೆಳಗೆ ಕಾಫಿಪುಡಿ ಮತ್ತು ಸಾಂಬಾರ ಪದಾರ್ಥದ ಅಂಗಡಿ, ಟೈಲರ್, ಡೆಂಟಲ್ ಕ್ಲಿನಿಕ್, ಹೋಂಸ್ಟೇ ಬುಕಿಂಗ್ ಆಫೀಸು. ನಗರಸಭೆಯಲ್ಲಿ ನಮಗೆ ಹೇಳಿದ ಷರತ್ತು ಇಷ್ಟೇ: ಒಂದು ಮಳಿಗೆಗೆ ಒಂದು ಬೋರ್ಡು, ಅದೂ ಆ ಮಳಿಗೆಯ ಮುಂಭಾಗದಲ್ಲೇ, ಅದರ ಅಗಲದೊಳಗೇ. ಕೆಳಗಿನ ನಾಲ್ಕು ಮಳಿಗೆಗಳ ಮುಂಭಾಗ ಇರುವುದು ಹಿತ್ತಲ ಕಡೆಗೆ. ಷರತ್ತು ಪಾಲಿಸಿದರೆ ಆ ಬೋರ್ಡುಗಳನ್ನು ಕೆಳಗಿನ ತೋಟದ ಕಿತ್ತಳೆ ಗಿಡಗಳೇ ಓದಬೇಕು!

ಮಾಲೀಕರ ಮೊದಲ ಯೋಚನೆ, ಪ್ರತಿಯೊಬ್ಬ ಬಾಡಿಗೆದಾರನೂ ತಾನೇ ಅರ್ಜಿ ಕೊಡಲಿ ಎಂಬುದು. ನಾನು ಬೇಡ ಎಂದೆ. ಏಳು ಅರ್ಜಿ ಹೋದರೆ ಏಳು ಕಡತ, ಏಳು ಸ್ಥಳ ಪರಿಶೀಲನೆ. ಅದಕ್ಕಿಂತ ಮುಖ್ಯವಾಗಿ, ಕೆಳಗಿನವರ ಅರ್ಜಿಯನ್ನು ಬಿಡಿಯಾಗಿ ನೋಡಿದ ಯಾವ ಅಧಿಕಾರಿಗೂ ಅದು ಬೇರೆಯವರ ಗೋಡೆಯಲ್ಲಿ ಜಾಗ ಕೇಳುವ ಅರ್ಜಿಯಾಗಿಯೇ ಕಾಣುತ್ತದೆ. ಇಡೀ ಕಟ್ಟಡಕ್ಕೆ ಒಂದೇ ಅರ್ಜಿ, ಮಾಲೀಕರ ಹೆಸರಿನಲ್ಲಿ, ಎಲ್ಲರ ಒಪ್ಪಿಗೆ ಪತ್ರ ಲಗತ್ತಿಸಿ. ಆಗ ನಾವು ಕೇಳುವುದರ ಜೊತೆಗೆ ಬಿಟ್ಟುಕೊಡುವುದನ್ನೂ ತೋರಿಸಬಹುದು.

ಬಿಟ್ಟುಕೊಡಲು ನಮ್ಮಲ್ಲಿ ಬೇಕಾದಷ್ಟಿತ್ತು. ಜೂನ್ ಬಂತೆಂದರೆ ಇಲ್ಲಿ ಅಂಗಡಿಯವರು ಇರುಚಲು ತಡೆಯಲು ಮುಂದೆ ಶೀಟು, ಟಾರ್ಪಾಲು ಇಳಿಬಿಡುತ್ತಾರೆ. ಬೋರ್ಡು ಅದರ ಹಿಂದೆ ಮರೆಯಾಗುತ್ತದೆ. ಮರೆಯಾದ ಮೇಲೆ ಶೀಟಿನ ಅಂಚಿಗೊಂದು ಫ್ಲೆಕ್ಸ್, ಮೆಟ್ಟಿಲ ಬಾಯಿಗೊಂದು, ಕರೆಂಟ್ ಕಂಬಕ್ಕೊಂದು. ಫ್ಲೆಕ್ಸ್ ಬಳಕೆಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧವಿದೆ ಎಂಬುದು ಎಲ್ಲರಿಗೂ ಗೊತ್ತು, ಕಟ್ಟುವುದು ಮಾತ್ರ ನಿಂತಿಲ್ಲ. ನಾವು ಕಟ್ಟಡದ ಎದುರಿದ್ದ ದೊಡ್ಡ, ಚಿಕ್ಕ ಎಲ್ಲ ಬೋರ್ಡುಗಳ ಫೋಟೊ ತೆಗೆದು, ಅಳತೆ ಬರೆದು, ಒಟ್ಟು ಚದರಡಿ ಕೂಡಿಸಿದೆವು. ನಮ್ಮ ಹೊಸ ಯೋಜನೆಯ ಚದರಡಿ ಅದಕ್ಕಿಂತ ಎಷ್ಟೋ ಕಡಿಮೆ. ಈ ಎರಡು ಅಂಕಿಗಳನ್ನು ಅರ್ಜಿಯ ಮೊದಲ ಪುಟದಲ್ಲೇ ಹಾಕಿದ್ದು ಕೊನೆಯವರೆಗೂ ಉಪಯೋಗಕ್ಕೆ ಬಂತು.

ಕೇಳಿದ್ದು ಎರಡು. ಮೇಲಿನ ಮೂರು ಬೋರ್ಡುಗಳನ್ನು ಶೀಟಿನ ಮಟ್ಟಕ್ಕಿಂತ ಮೇಲೆ, ಪ್ಯಾರಾಪೆಟ್ ಗೋಡೆಗೆ ಕೂರಿಸಲು ಅವಕಾಶ. ಕೆಳಗಿನ ನಾಲ್ವರಿಗೂ ಸೇರಿ ಮೆಟ್ಟಿಲು ಶುರುವಾಗುವಲ್ಲಿ, ನಮ್ಮ ಜಾಗದೊಳಗೇ, ಒಂದು ಕಂಬದ ಬೋರ್ಡು.

ನಕ್ಷೆಯ ಬಗ್ಗೆ ಸ್ವಲ್ಪ ಹೇಳಬೇಕು. ಸಾಮಾನ್ಯವಾಗಿ ಬೋರ್ಡಿನ ಅರ್ಜಿ ಜೊತೆ ಬೋರ್ಡು ಮಾಡುವವರು ಕೊಟ್ಟ ಬಣ್ಣದ ಪ್ರಿಂಟ್ ಹೋಗುತ್ತದೆ. ಅದರಿಂದ ಕಡತದ ಮೇಲೆ ಟಿಪ್ಪಣಿ ಬರೆಯುವವರಿಗೆ ಏನೂ ಉಪಯೋಗವಿಲ್ಲ. ನಾನು ಕೊಟ್ಟಿದ್ದು ಕಟ್ಟಡದ ಮುಂಭಾಗದ ಅಳತೆ ಸಹಿತ ಚಿತ್ರ ಮತ್ತು ರಸ್ತೆಯಿಂದ ಹಿತ್ತಲವರೆಗಿನ ಅಡ್ಡಸೀಳು, ಅಂದರೆ ಕಟ್ಟಡವನ್ನು ಉದ್ದಕ್ಕೆ ಸೀಳಿ ಬದಿಯಿಂದ ನೋಡಿದಂಥ ನಕ್ಷೆ. ಫುಟ್‌ಪಾತಿನಲ್ಲಿ ನಿಂತ ಮನುಷ್ಯನ ಕಣ್ಣಿನ ಎತ್ತರದಿಂದ ಗೆರೆ ಎಳೆದರೆ ಅದು ಕೆಳಗಿನ ಅಂಗಡಿಯ ಬಾಗಿಲಿಗೆ ತಾಗುವುದಿಲ್ಲ, ಎಷ್ಟೋ ಅಡಿ ಮೇಲಿಂದಲೇ ಹಾದುಹೋಗುತ್ತದೆ. ಆ ಒಂದು ಗೆರೆ ನೋಡಿದ ಶಾಖೆಯವರು, ‘ಸಾರ್, ಇದನ್ನು ಬರೆದು ಮೇಲಕ್ಕೆ ಕಳಿಸಬಹುದು’ ಅಂದರು. ವಿನಾಯಿತಿ ಕೇಳುವವರು ಪುಟಗಟ್ಟಲೆ ಕಷ್ಟ ತೋಡಿಕೊಳ್ಳುತ್ತಾರೆ. ಅಧಿಕಾರಿಗೆ ಬೇಕಾಗಿರುವುದು ನಾಳೆ ಆಡಿಟ್‌ನಲ್ಲಿ ಯಾಕೆ ಒಪ್ಪಿದಿರಿ ಎಂದು ಕೇಳಿದರೆ ತೋರಿಸಲು ಒಂದು ಹಾಳೆ.

ಖಾತೆ, ತೆರಿಗೆ ರಸೀದಿ, ಉದ್ದಿಮೆ ಪರವಾನಗಿ, ಬಾಡಿಗೆ ಕರಾರು ಎಲ್ಲ ಮಾಮೂಲು. ಪರವಾನಗಿಯಲ್ಲಿರುವ ಹೆಸರೂ ಬೋರ್ಡಿನ ಹೆಸರೂ ಒಂದೇ ಇರಲಿ, ಅಷ್ಟೇ.

ತಲೆ ತಿಂದದ್ದು ಕನ್ನಡದ ಅಳತೆ. 2024ರ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಮೊಬೈಲ್ ಅಂಗಡಿಯ ಕಂಪನಿಯ ಮುಖ್ಯ ಕಚೇರಿಯಿಂದ ಬಂದ ಡಿಸೈನ್‌ನಲ್ಲಿ ಇಂಗ್ಲಿಷ್ ಲೋಗೊ ಬೋರ್ಡ್ ತುಂಬ, ಕನ್ನಡ ಮೂಲೆಯಲ್ಲಿ. ಹತ್ತಡಿ ಅಗಲ, ಮೂರಡಿ ಎತ್ತರದ ಬೋರ್ಡು ಅಂದರೆ 30 ಚದರಡಿ. ಕನ್ನಡಕ್ಕೆ 18 ಸಿಗಬೇಕು. ಅಂದರೆ ಮೇಲಿನ ಸುಮಾರು 22 ಇಂಚು ಪೂರ್ತಿ ಕನ್ನಡಕ್ಕೆ. ಹಾಗೆ ಗೆರೆ ಎಳೆದು ಕಳಿಸಿದ ಮೇಲೆ ಅವರ ಡಿಸೈನರ್ ಇಂಗ್ಲಿಷ್ ಅಕ್ಷರದ ಲೆಕ್ಕದಲ್ಲೇ ಕನ್ನಡ ಕೂರಿಸಿ ವಾಪಸ್ ಕಳಿಸಿದ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು ಇರುತ್ತವೆ. ‘ಕ್ಲಿನಿಕ್’, ‘ಸ್ಟೋರ್ಸ್’ ಎಂದು 22 ಇಂಚಿನ ಪಟ್ಟಿಯಲ್ಲಿ ಬರೆದರೆ ಮೂಲ ಅಕ್ಷರಕ್ಕೆ ಉಳಿಯುವುದು ಅರ್ಧದಷ್ಟು ಎತ್ತರ. ಒತ್ತನ್ನು ಚಪ್ಪಟೆ ಮಾಡಿ ಅಕ್ಷರ ದೊಡ್ಡದು ಮಾಡಿದರೆ ಎದುರು ಫುಟ್‌ಪಾತಿನಿಂದ ಓದಲಾಗದು. ಕೊನೆಗೆ ಒತ್ತಕ್ಷರ ಕಡಿಮೆ ಇರುವ ಹಾಗೆ ಸಾಲು ಚಿಕ್ಕದು ಮಾಡಿಸಿ, ಲೋಗೊವನ್ನು ಕೆಳಗಿನ ಎಡಬದಿಗೆ ಇಳಿಸಿದೆವು. ಬೇಕರಿಯವರಿಗೆ ಇನ್ನೊಂದು ಆಸೆ: ತಂಪು ಪಾನೀಯದ ಕಂಪನಿ ಬಿಟ್ಟಿ ಬೋರ್ಡು ಮಾಡಿಕೊಡುತ್ತದೆ, ಅರ್ಧ ಭಾಗ ಅವರ ಬ್ರ್ಯಾಂಡು. ‘ಬೇಡ ಅಣ್ಣ, ಅದು ಹಾಕಿದರೆ ನಾಮಫಲಕ ಹೋಗಿ ಜಾಹೀರಾತು ಫಲಕ ಆಗುತ್ತದೆ, ಶುಲ್ಕವೂ ಬೇರೆ, ಕೇಳುವ ಪ್ರಶ್ನೆಯೂ ಬೇರೆ’ ಅಂದೆ. ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು.

ಇಂಜಿನಿಯರಿಂಗ್ ಶಾಖೆಯಲ್ಲಿ ಬೋರ್ಡಿಗಿಂತ ಮೊದಲು ಕೇಳಿದ್ದು ತಡೆಗೋಡೆಯ ಬಗ್ಗೆ. 2018ರ ಆಗಸ್ಟ್ ತಿಂಗಳ ಭೂಕುಸಿತ ಕಂಡ ಊರಿನಲ್ಲಿ ಇಳಿಜಾರಿನ ಅಂಚಿನಲ್ಲಿ ಗುಂಡಿ ತೋಡುತ್ತೇವೆ ಎಂದರೆ ಯಾರಾದರೂ ಕೇಳಲೇಬೇಕು. ನಾವು ನೆಲ ಅಗೆಯಲೇ ಇಲ್ಲ. ಮೆಟ್ಟಿಲಿನ ಹಳೆಯ ಕಾಂಕ್ರೀಟ್ ಬೀಮಿಗೆ ಬೇಸ್ ಪ್ಲೇಟ್ ಬೋಲ್ಟ್ ಮಾಡಿ ಅದರ ಮೇಲೆ ಎರಡು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ನಿಲ್ಲಿಸಿದೆವು. ಗಾಳಿಯ ಲೆಕ್ಕ ಮಾತ್ರ ಬಿಡುವಂತಿರಲಿಲ್ಲ. ಕಟ್ಟಡಗಳ ಮೇಲೆ ಬೀಳುವ ಭಾರ ಲೆಕ್ಕ ಹಾಕುವ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದ ಪ್ರಕಾರ ಗುಡ್ಡದ ನೆತ್ತಿಯ ಕಟ್ಟಡಗಳಿಗೆ ಗಾಳಿಯ ವೇಗವನ್ನು 1.36 ಪಟ್ಟಿನವರೆಗೂ ಏರಿಸಿಕೊಳ್ಳಬೇಕಾಗುತ್ತದೆ. ಒತ್ತಡ ವೇಗದ ವರ್ಗದಂತೆ ಏರುವುದರಿಂದ ಬಯಲಿನಲ್ಲಿ ನಿಲ್ಲುವ ಬೋರ್ಡಿಗಿಂತ ಇಲ್ಲಿನದಕ್ಕೆ ಹೆಚ್ಚುಕಡಿಮೆ ಎರಡರಷ್ಟು ಭಾರ ಬೀಳಬಹುದು. ಮೈಸೂರಿನ ಫ್ಯಾಬ್ರಿಕೇಟರ್ ಕೊಟ್ಟ ಕೊಟೇಶನ್‌ನಲ್ಲಿ ಇದರ ಸುಳಿವೇ ಇರಲಿಲ್ಲ. ಇಡೀ ಹಲಗೆಯ ಬದಲು ನಾಲ್ಕು ಬಿಡಿ ಪಟ್ಟಿ, ನಡುವೆ ಗಾಳಿ ಹಾಯಲು ಸಂದು ಬಿಟ್ಟು ಮಾಡಿಸಿದೆ. ಬಾಡಿಗೆದಾರ ಬದಲಾದರೆ ಆ ಪಟ್ಟಿಯೊಂದನ್ನೇ ಕಳಚಬಹುದು ಎಂಬ ಲಾಭವೂ ಅದರಿಂದ ಸಿಕ್ಕಿತು.

ಎದುರಿನದು ರಾಷ್ಟ್ರೀಯ ಹೆದ್ದಾರಿ 275. ಹಾಗಾಗಿ ಹೆದ್ದಾರಿಯವರ ನಿರಾಕ್ಷೇಪಣಾ ಪತ್ರವೂ ಬೇಕಾಯಿತು. ಸರ್ವೆ ನಕ್ಷೆಯಲ್ಲಿ ಹೆದ್ದಾರಿಯ ಗಡಿ ಗುರುತಿಸಿ ಕಂಬ ಅದರಿಂದ ಒಳಗಿದೆ ಎಂದು ತೋರಿಸಿದೆವು. ಮಿನುಗುವ ದೀಪ ಹಾಕುವುದಿಲ್ಲ, ಕೆಂಪು ಹಸಿರು ಬೆಳಕು ಬಳಸುವುದಿಲ್ಲ ಎಂದು ನಾವೇ ಮುಂಚಿತವಾಗಿ ಬರೆದುಕೊಟ್ಟೆವು. ಮಂಜು ಕವಿದ ಸಂಜೆ ತಿರುವಿನಲ್ಲಿ ಬರುವ ಬಸ್ಸಿನ ಡ್ರೈವರ್‌ಗೆ ಅಂಗಡಿ ದೀಪ ಸಿಗ್ನಲ್ ಥರ ಕಾಣಬಾರದಲ್ಲ.

ಮಾಮೂಲಿ ಷರತ್ತನ್ನು ಸಡಿಲಿಸುವ ವಿಷಯವಾದ್ದರಿಂದ ಕಡತ ಪೌರಾಯುಕ್ತರ ಟಿಪ್ಪಣಿಯೊಂದಿಗೆ ಸಭೆಯ ಮುಂದೆ ಹೋಯಿತು. ‘ಇವರಿಗೆ ಕೊಟ್ಟರೆ ನಾಳೆ ಎಲ್ಲರೂ ಕಂಬ ನೆಡುತ್ತಾರೆ’ ಎಂಬ ಆಕ್ಷೇಪ ಬಂತು. ನ್ಯಾಯವಾದದ್ದೇ. ನಮ್ಮ ಉತ್ತರ ಅಡ್ಡಸೀಳಿನಲ್ಲೇ ಇತ್ತು: ರಸ್ತೆಯಿಂದ ಬಾಗಿಲು ಕಾಣದ ಮಳಿಗೆಗೆ ಮಾತ್ರ, ಬೇರೆಲ್ಲ ಬೋರ್ಡು ತೆಗೆದ ಮೇಲೆ ಮಾತ್ರ. ಇನ್ನೊಬ್ಬ ಸದಸ್ಯರು ದಸರಾ ನೆನಪಿಸಿದರು. ಹತ್ತು ದೇವಸ್ಥಾನಗಳ ದಶಮಂಟಪಗಳು ಹೊರಡುವ ರಾತ್ರಿ ಆ ಎತ್ತರದ ಮಂಟಪಗಳಿಗೆ ರಸ್ತೆಗೆ ಚಾಚಿದ ಒಂದು ಬೋರ್ಡು ಸಾಕು, ಮೆರವಣಿಗೆ ನಿಲ್ಲಿಸಲು. ಪೇಟೆಯೊಳಗಿನ ಕಟ್ಟಡಕ್ಕೆ ಕೇಳುವವರು ಈ ಪ್ರಶ್ನೆಗೆ ತಯಾರಾಗಿಯೇ ಹೋಗಬೇಕು. ನಮ್ಮ ಫಲಕಗಳು ಗೋಡೆಗೆ ಅಂಟಿಕೊಂಡಿದ್ದವು, ಕಂಬ ಒಳಗಿತ್ತು.

ಷರತ್ತುಗಳೊಂದಿಗೆ ಒಪ್ಪಿಗೆ ಸಿಕ್ಕಿತು: ರಸ್ತೆ ಅಗಲವಾದರೆ ಸ್ವಂತ ಖರ್ಚಿನಲ್ಲಿ ತೆಗೆಯುವುದು, ಹೊರಗಿನವರ ಜಾಹೀರಾತು ಹಾಕದಿರುವುದು, ಬಟ್ಟೆಯ ಬ್ಯಾನರ್ ಕೂಡ ಕಟ್ಟದಿರುವುದು. ಛಾಪಾ ಕಾಗದದಲ್ಲಿ ಮುಚ್ಚಳಿಕೆ ಬರೆದುಕೊಟ್ಟು, ಮಳೆ ಹಿಡಿಯುವ ಮೊದಲೇ ಕೆಲಸ ಮುಗಿಸಿದೆವು. ಎಲ್‌ಇಡಿಯ ಡ್ರೈವರ್ (ದೀಪಕ್ಕೆ ವಿದ್ಯುತ್ ಹೊಂದಿಸಿ ಕೊಡುವ) ಪೆಟ್ಟಿಗೆಯನ್ನು ಬೋರ್ಡಿನೊಳಗೆ ಇಡದೆ ಮೆಟ್ಟಿಲಿನ ಸೂರಿನಡಿ ಇಟ್ಟಿದ್ದೇವೆ, ಆಷಾಢದ ಥಂಡಿಗೆ ಒಳಗಿಟ್ಟದ್ದು ಉಳಿಯುವುದಿಲ್ಲ. ಪಾಚಿ ಹಿಡಿಯುವುದು ತಪ್ಪಿಲ್ಲ. ಅಕ್ಟೋಬರ್‌ನಲ್ಲಿ ಒಮ್ಮೆ ಸೋಪುನೀರು ಹಾಕಿ ಉಜ್ಜಿಸುತ್ತಾರೆ.

ಈಚೆಗೆ ಡೆಂಟಲ್ ಕ್ಲಿನಿಕ್ ಹೋಗಿ ಅಲ್ಲಿಗೆ ಬ್ಯೂಟಿ ಪಾರ್ಲರ್ ಬಂತು. ಒಂದು ಪಟ್ಟಿ ಬದಲಾಯಿಸಿ, ಹೊಸ ಹೆಸರಿನ ಅಕ್ಷರದ ಅಳತೆ ಬರೆದ ಹಾಳೆಯೊಂದನ್ನು ಕಂದಾಯ ಶಾಖೆಗೆ ಕೊಟ್ಟು ಸ್ವೀಕೃತಿ ತೆಗೆದುಕೊಂಡೆವು. ಕಂಬದ ಅನುಮತಿಯನ್ನು ಮತ್ತೆ ಕೇಳಬೇಕಾಗಲಿಲ್ಲ.