ಮೊದಲ ಡಬ್ಬಿ ಕೈಗೆ ಬರುವವರೆಗೆ

ನನಗೆ ಟೈಪ್ 1 ಸಕ್ಕರೆ ಕಾಯಿಲೆ ಇದೆ, ಅಂದರೆ ಮೈಯಲ್ಲಿ ಇನ್ಸುಲಿನ್ ತಾನಾಗಿ ತಯಾರಾಗುವುದಿಲ್ಲ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಒಂದು ದಿನವೂ ಬಿಡುವ ಹಾಗಿಲ್ಲ. ಇದನ್ನು ಇಟ್ಟುಕೊಂಡೇ ಓದಲು ಒಂದು ದೇಶಕ್ಕೆ ಹೋದೆ, ಕೆಲಸಕ್ಕೆ ಇನ್ನೊಂದು ದೇಶಕ್ಕೆ. ನಡುವೆ ಸುತ್ತಾಟವೂ ಆಯಿತು. "ವಿಮಾನದಲ್ಲಿ ಸೂಜಿ ಬಿಡ್ತಾರಾ?" ಅಂತ ಎಲ್ಲರೂ ಮೊದಲು ಕೇಳುತ್ತಾರೆ. ಬಿಡುತ್ತಾರೆ. ಅದು ದೊಡ್ಡ ವಿಷಯವಲ್ಲ. ನಾನು ತಲೆ ಕೆಡಿಸಿಕೊಳ್ಳುವುದು ಬೇರೆಯದಕ್ಕೆ. ಒಯ್ದ ಔಷಧ ಒಂದು ದಿನ ಮುಗಿಯುತ್ತದೆ. ಹೊಸ ದೇಶದ ಡಾಕ್ಟರು ಬರೆದ ಮೊದಲ ಡಬ್ಬಿ ಇನ್ನೊಂದು ದಿನ ಕೈಗೆ ಬರುತ್ತದೆ. ಆ ಎರಡು ದಿನಗಳ ನಡುವೆ ಖಾಲಿ ಜಾಗ ಉಳಿಯಬಾರದು. ಹೊರಡುವ ಮೊದಲು ನಾನು ಮಾಡುವ ತಯಾರಿಯಲ್ಲಿ ಮುಕ್ಕಾಲು ಪಾಲು ಇದಕ್ಕೇ ಹೋಗುತ್ತದೆ.

ಡಾಕ್ಟರ ಹತ್ತಿರ ಹೋದರೆ ಬರೆದುಕೊಡುತ್ತಾರೆ, ಅಲ್ವಾ? ಅವರ ಹತ್ತಿರ ಹೋಗುವುದೇ ತಡವಾಗುತ್ತದೆ. ಹೆಸರು ನೋಂದಾಯಿಸಲು ವಿಳಾಸ ಬೇಕು. ವಿಳಾಸಕ್ಕೆ ಬಾಡಿಗೆ ಕರಾರು ಬೇಕು. ವಿಮೆ ಶುರುವಾಗಲು ಕಾಲೇಜಿನ ಅಥವಾ ಕೆಲಸದ ಕಾಗದ ಬೇಕು. ಇಷ್ಟೆಲ್ಲ ಆದಮೇಲೆ ಮನೆ ಹತ್ತಿರದ ಜನರಲ್ ಡಾಕ್ಟರು ಸಿಗುತ್ತಾರೆ. ಬ್ರಿಟನ್, ನೆದರ್ಲೆಂಡ್ಸ್‌ನಂಥ ದೇಶಗಳಲ್ಲಿ ಸಾಮಾನ್ಯವಾಗಿ ಅವರು ಪತ್ರ ಕೊಟ್ಟರೇನೇ ಸ್ಪೆಷಲಿಸ್ಟ್ ನೋಡುವುದು. ಒಂದು ಕಾಗದ ತಡವಾದರೆ ಅದರ ಮುಂದಿನದೆಲ್ಲ ನಿಂತುಬಿಡುತ್ತದೆ. ಹಳೆಯ ಡಾಕ್ಟರ ಚೀಟಿ ತೋರಿಸಿ ಔಷಧ ಕೊಳ್ಳೋಣ ಅಂದರೆ ಹೆಚ್ಚಿನ ಕಡೆ ಅದು ನಡೆಯುವುದಿಲ್ಲ. ಯುರೋಪಿಯನ್ ಒಕ್ಕೂಟದ ಒಳಗೆ ಸಾಮಾನ್ಯವಾಗಿ ಒಂದು ದೇಶದ ಚೀಟಿ ಇನ್ನೊಂದು ದೇಶದಲ್ಲೂ ನಡೆಯುತ್ತದೆ.

ಹಾಗಾದರೆ ಎಷ್ಟು ಒಯ್ಯಬೇಕು? ಸೂಟ್‌ಕೇಸ್ ತುಂಬ ಒಯ್ಯುವ ಹಾಗೂ ಇಲ್ಲ. ಅಮೆರಿಕದಲ್ಲಿ ಸ್ವಂತ ಬಳಕೆಗೆ ಸಾಮಾನ್ಯವಾಗಿ 90 ದಿನಗಳಷ್ಟು ಒಪ್ಪುತ್ತಾರೆ. ಆಸ್ಟ್ರೇಲಿಯಾದಲ್ಲಿ ಚೀಟಿ ಅಥವಾ ಡಾಕ್ಟರ ಪತ್ರ ಜೊತೆಗಿದ್ದರೆ 3 ತಿಂಗಳಷ್ಟು. ಜಪಾನ್‌ಗೆ ಒಂದು ತಿಂಗಳಿಗಿಂತ ಜಾಸ್ತಿ ಒಯ್ಯಬೇಕಾದರೆ ಹೊರಡುವ ಮೊದಲೇ 'ಯುನ್ಯು ಕಾಕುನಿನ್ ಶೋ' ಎಂಬ ಆಮದು ದೃಢೀಕರಣ ಪತ್ರ ತೆಗೆದುಕೊಳ್ಳಬೇಕು. ನಾನು ಮೊದಲು ನೋಡುವುದು ಈ ಮಿತಿ. ಮಿತಿ ಎಷ್ಟಿದೆಯೋ ಅಷ್ಟನ್ನೂ ಒಯ್ಯುತ್ತೇನೆ. ಅದು ಯಾವ ತಾರೀಖಿಗೆ ಮುಗಿಯುತ್ತದೆ ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತೇನೆ. ಡಾಕ್ಟರ ಅಪಾಯಿಂಟ್‌ಮೆಂಟ್ ಯಾವಾಗ ಆಗಬೇಕು, ಅದಕ್ಕೆ ವಿಮೆ ಯಾವಾಗ ಶುರುವಾಗಿರಬೇಕು, ಅದಕ್ಕೆ ವಿಳಾಸ ಯಾವಾಗ ಸಿಗಬೇಕು ಅಂತ. ಎಷ್ಟೋ ಸಲ ಈ ಲೆಕ್ಕದಿಂದಲೇ ಹೊರಡುವ ಮೊದಲೇ ಬಾಡಿಗೆ ಮನೆ ಗೊತ್ತು ಮಾಡಬೇಕು ಎಂದು ತಿಳಿಯುತ್ತದೆ. ಇಮೇಲ್ ಮಾಡಿ ಅಪಾಯಿಂಟ್‌ಮೆಂಟ್ ಕೇಳುವುದನ್ನೂ ಇಲ್ಲಿಂದಲೇ ಶುರು ಮಾಡುತ್ತೇನೆ. ಕೆಲವರು ಉತ್ತರ ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ಕೇಳಿದರೆ ನಷ್ಟವೇನೂ ಇಲ್ಲ.

ಇನ್ಸುಲಿನ್ ನಿಯಂತ್ರಿತ ಔಷಧವಲ್ಲ, ಅಂದರೆ ಚಟ ಹಿಡಿಸಬಹುದು ಎಂದು ಕಾನೂನು ಬಿಗಿ ಮಾಡಿದ ಪಟ್ಟಿಯಲ್ಲಿಲ್ಲ, ಆ ಮಟ್ಟಿಗೆ ನನ್ನ ಪಾಡು ಸುಲಭ. ಬಲವಾದ ನೋವಿನ ಮಾತ್ರೆ, ನಿದ್ದೆ ಮಾತ್ರೆ, ಎಡಿಎಚ್‌ಡಿ (ಗಮನ ನಿಲ್ಲದ ತೊಂದರೆ) ಔಷಧ ತೆಗೆದುಕೊಳ್ಳುವವರು ತುಂಬಾ ಹುಷಾರಾಗಿರಬೇಕು. ಕೆಲವು ಎಡಿಎಚ್‌ಡಿ ಮಾತ್ರೆಗಳಲ್ಲಿರುವ ಆಂಫೆಟಮಿನ್ ಎಂಬ ಉತ್ತೇಜಕ ಇರುವ ಔಷಧವನ್ನು ಜಪಾನ್‌ಗೆ ಚೀಟಿ ಇದ್ದರೂ ಒಯ್ಯುವ ಹಾಗಿಲ್ಲ. ಸಿಂಗಾಪುರ ಮತ್ತು ಯುಎಇಯಲ್ಲಿ ಇಂಥ ಎಷ್ಟೋ ಔಷಧಗಳಿಗೆ ಮೊದಲೇ ಅನುಮತಿ ಪಡೆಯಬೇಕು. ಷೆಂಗೆನ್ ದೇಶಗಳ (ಗಡಿ ತಪಾಸಣೆ ಇಲ್ಲದೆ ಓಡಾಡಬಹುದಾದ ಯುರೋಪಿನ ದೇಶಗಳ) ನಡುವೆ ಇಂಥ ಔಷಧ ಒಯ್ಯಲು ಬೇರೆಯೇ ಒಂದು ಪ್ರಮಾಣಪತ್ರ ಇದೆ, 30 ದಿನ ನಡೆಯುತ್ತದೆ. ಗೆಳೆಯರು ಹೇಳಿದ್ದನ್ನು ನಂಬಿ ಹೊರಡಬೇಡಿ. ಆ ದೇಶದ ರಾಯಭಾರ ಕಚೇರಿಗೆ ಬರೆದು ಕೇಳಿ. ಅವರ ಉತ್ತರವನ್ನು ಪ್ರಿಂಟ್ ತೆಗೆದು ಔಷಧದ ಜೊತೆಗೇ ಇಡಿ.

ಡಾಕ್ಟರ ಪತ್ರದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಹೆಚ್ಚಿನವರು "ಇವರಿಗೆ ಸಕ್ಕರೆ ಕಾಯಿಲೆ ಇದೆ, ಔಷಧ ಒಯ್ಯಲು ಬಿಡಿ" ಎಂಬ ಎರಡು ಸಾಲು ಬರೆಸಿಕೊಳ್ಳುತ್ತಾರೆ. ಸೆಕ್ಯೂರಿಟಿಯವರಿಗೆ ಅದು ಸಾಕು. ಮುಂದೆ ನನ್ನನ್ನು ನೋಡುವ ಹೊಸ ಡಾಕ್ಟರಿಗೆ ಸಾಲದು. ನನ್ನ ಪತ್ರದಲ್ಲಿ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ ಇರುತ್ತದೆ. ಕಾಯಿಲೆ ಯಾವ ವರ್ಷ ಗೊತ್ತಾಯಿತು, ಈಗಿನ ಡೋಸ್ ಎಷ್ಟು, ಕಣ್ಣು ಮತ್ತು ಕಿಡ್ನಿಯ ಕೊನೆಯ ಪರೀಕ್ಷೆಯಲ್ಲಿ ಏನು ಬಂತು, ಇನ್ಸುಲಿನ್ ಚುಚ್ಚಿಕೊಳ್ಳುವ ಪೆನ್ ಯಾವುದು, ಯಾವ ಅಳತೆಯ ಸೂಜಿ, ಮೈಗೆ ಅಂಟಿಸಿಕೊಂಡು ಶುಗರ್ ನೋಡುವ ಸೆನ್ಸರ್ ಯಾವುದು, ಎಲ್ಲ ಇರುತ್ತದೆ. ಔಷಧಗಳು ಕಂಪನಿ ಇಟ್ಟ ಹೆಸರಿನಲ್ಲಲ್ಲ, ಜೆನೆರಿಕ್ ಹೆಸರಿನಲ್ಲಿ, ಅಂದರೆ ಒಳಗಿರುವ ಔಷಧದ ಸ್ವಂತ ಹೆಸರಿನಲ್ಲಿ ಇರುತ್ತವೆ. ಯುರೋಪಿನ ಹಲವು ಕಡೆ 'ನೋವೋರ್ಯಾಪಿಡ್' ಅಂತ ಸಿಗುವುದೇ ಅಮೆರಿಕದಲ್ಲಿ 'ನೋವೋಲಾಗ್'. ಎರಡರ ಒಳಗಿರುವುದೂ ಆಸ್ಪಾರ್ಟ್ ಇನ್ಸುಲಿನ್. ಕೆಲವೊಮ್ಮೆ ಜೆನೆರಿಕ್ ಹೆಸರೂ ಬದಲಾಗುತ್ತದೆ. ಉಬ್ಬಸದವರು ಎಳೆದುಕೊಳ್ಳುವ ಸಾಲ್ಬುಟಮಾಲ್ ಅಮೆರಿಕದಲ್ಲಿ ಆಲ್ಬುಟೆರಾಲ್, ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೋಫೆನ್. ಇಂಥದ್ದಿದ್ದರೆ ಎರಡೂ ಹೆಸರು ಬರೆಸಿ.

ಹೆಸರಿಗಿಂತ ಅಪಾಯದ್ದು ಸಾಂದ್ರತೆ. ಹೆಚ್ಚಿನ ದೇಶಗಳಲ್ಲಿ ಸಿಗುವುದು ಯು-100, ಅಂದರೆ ಒಂದು ಎಂಎಲ್‌ನಲ್ಲಿ 100 ಯೂನಿಟ್. ಕೆಲವು ದೇಶಗಳಲ್ಲಿ ಸೀಸೆಯ ಇನ್ಸುಲಿನ್ ಇನ್ನೂ ಯು-40, ಅಂದರೆ 40 ಯೂನಿಟ್. ಎರಡಕ್ಕೂ ಸಿರಿಂಜ್ ಬೇರೆ ಬೇರೆ. ಯು-40 ಸಿರಿಂಜಿನಲ್ಲಿ ಯು-100 ಇನ್ಸುಲಿನ್ ಎಳೆದರೆ ಮೈಗೆ ಹೋಗುವುದು ಎರಡೂವರೆ ಪಟ್ಟು. 10 ಅಂದುಕೊಂಡದ್ದು 25 ಆಗುತ್ತದೆ. ಪ್ರಜ್ಞೆ ತಪ್ಪಲು ಅಷ್ಟು ಸಾಕು. ಸೀಸೆ ಮತ್ತು ಸಿರಿಂಜ್ ಬಳಸುವವರು ಎರಡನ್ನೂ ಒಂದೇ ದೇಶದಲ್ಲಿ, ಒಟ್ಟಿಗೇ ಕೊಳ್ಳಬೇಕು. ಉಳಿದ ಹಳೆಯ ಸಿರಿಂಜ್ ಪಾಪ ಅಂತ ಇಟ್ಟುಕೊಳ್ಳಬಾರದು.

ಮೀಟರಿನ ಅಂಕಿಯೂ ಬದಲಾಗುತ್ತದೆ. ಕೆಲವು ದೇಶಗಳಲ್ಲಿ ಶುಗರ್ ಅಳೆಯುವುದು ಮಿಲಿಗ್ರಾಂನಲ್ಲಿ, ಕೆಲವು ಕಡೆ ಮಿಲಿಮೋಲ್‌ನಲ್ಲಿ. ಮಿಲಿಮೋಲ್ ಅಂಕಿಯನ್ನು 18ರಿಂದ ಗುಣಿಸಿದರೆ ಮಿಲಿಗ್ರಾಂ ಸಿಗುತ್ತದೆ. 10 ಅಂದರೆ 180. ನರ್ಸ್ "ನಿಮ್ಮದು ಹದಿನೈದು ಇದೆ" ಅಂದರೆ ಅದು 270, ಜಾಸ್ತಿಯೇ ಆಯಿತು. ಶುಗರ್ ಇಳಿದು ತಲೆ ಮಂಕಾಗಿರುವಾಗ 18ರ ಮಗ್ಗಿ ಯಾರಿಗೂ ನೆನಪಿಗೆ ಬರುವುದಿಲ್ಲ. ಅದಕ್ಕೇ ಮೂರು ಅಂಕಿ ಬಾಯಿಪಾಠ ಮಾಡಿಕೊಂಡಿದ್ದೇನೆ. 3.9 ಅಂದರೆ 70, ಅದಕ್ಕಿಂತ ಕೆಳಗೆ ಹೋದರೆ ತಕ್ಷಣ ಗ್ಲೂಕೋಸ್. 5.6 ಅಂದರೆ 100. 10 ಅಂದರೆ 180. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿಯೂ ಕೆಲವು ಕಡೆ ಶೇಕಡಾದಲ್ಲಿ ಇರುವುದಿಲ್ಲ. ಶೇ. 7 ಎಂಬುದು ಅಲ್ಲಿ 53 ಆಗುತ್ತದೆ. ರಿಪೋರ್ಟ್ ನೋಡಿ ಗಾಬರಿಯಾಗಬೇಡಿ.

ಇನ್ನು ತಂಪು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬಳಸುತ್ತಿರುವ ಪೆನ್ ಹೊರಗೇ ಇರಬಹುದು. ಹಲವು ಬಗೆಗಳಿಗೆ 28 ದಿನದ ಮಿತಿ, ಕೆಲವಕ್ಕೆ ಇನ್ನೂ ಜಾಸ್ತಿ. ಡಬ್ಬಿಯೊಳಗಿನ ಕಾಗದದಲ್ಲಿ ಬರೆದಿರುತ್ತದೆ. ಎಲ್ಲರೂ ಬಿಸಿಗೆ ಹೆದರುತ್ತಾರೆ. ನನಗೆ ಹೆಪ್ಪುಗಟ್ಟುವುದರ ಭಯವೇ ಜಾಸ್ತಿ. ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ನೋಡಲು ಚೆನ್ನಾಗಿಯೇ ಇರಬಹುದು, ಆದರೆ ಅದನ್ನು ಬಳಸುವ ಹಾಗಿಲ್ಲ. ವಿಮಾನದ ಕೆಳಗಿನ ಸರಕು ಜಾಗದಲ್ಲಿ ಹಾಗೆ ಆಗಬಹುದು, ಅಲ್ಲಿ ಹಾಕಿದ ಬ್ಯಾಗ್ ಕಳೆದುಹೋಗಲೂಬಹುದು. ಹಾಗಾಗಿ ಪೂರ್ತಿ ಔಷಧ ನನ್ನ ಜೊತೆಗೇ ಕ್ಯಾಬಿನ್‌ಗೆ ಬರುತ್ತದೆ. ಅದನ್ನೂ ಎರಡು ಚೀಲಗಳಲ್ಲಿ ಹಂಚಿರುತ್ತೇನೆ. ಹೋಟೆಲ್ ರೂಮಿನ ಪುಟ್ಟ ಫ್ರಿಜ್ ಇನ್ನೊಂದು ಬಲೆ. ಹಿಂದಿನ ಗೋಡೆಗೆ ತಾಗಿದ ಡಬ್ಬಿ ರಾತ್ರಿ ಕಳೆಯುವಷ್ಟರಲ್ಲಿ ಗಟ್ಟಿಯಾಗಬಹುದು. ಒಂದು ಸಣ್ಣ ಥರ್ಮಾಮೀಟರ್ ಇಟ್ಟು ಒಂದೆರಡು ಗಂಟೆ ನೋಡಿ, ಆಮೇಲೆ ಔಷಧವನ್ನು ಬಾಗಿಲಿನ ತಟ್ಟೆಯಲ್ಲಿ ಇಡುತ್ತೇನೆ. ಓಡಾಡುವಾಗ ನೀರಿನಲ್ಲಿ ನೆನೆಸುವ 'ಫ್ರಿಯೋ' ಥರದ ಚೀಲ ಬಳಸುತ್ತೇನೆ. ನೀರು ಆವಿಯಾಗುತ್ತಾ ಒಳಗೆ ತಂಪಾಗುತ್ತದೆ, ಮಡಕೆಯ ನೀರಿನ ಹಾಗೆ. ಐಸ್ ಬೇಡ, ಫ್ರಿಜ್ ಬೇಡ. ಆದರೆ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿಟ್ಟರೆ ಕೆಲಸ ಮಾಡುವುದಿಲ್ಲ, ಗಾಳಿಯಾಡಬೇಕು. ಸೆಕೆ ಬೆವರಿನ ಸಮುದ್ರ ತೀರದಲ್ಲಿ ತಂಪು ಕಡಿಮೆ.

ತುಂಬಾ ಚಳಿಯಲ್ಲಿ ಮೀಟರೇ ಕೈಕೊಡುತ್ತದೆ. ಎಷ್ಟೋ ಸ್ಟ್ರಿಪ್‌ಗಳು 10 ಡಿಗ್ರಿಗಿಂತ ಕೆಳಗೆ ಸರಿಯಾದ ಅಂಕಿ ಕೊಡುವುದಿಲ್ಲ. ಹಿಮದಲ್ಲಿ ನಡೆಯುವಾಗ ಮೀಟರ್, ಪೆನ್ ಎರಡೂ ಅಂಗಿಯ ಒಳಜೇಬಿನಲ್ಲಿ.

ವಿಮಾನ ನಿಲ್ದಾಣದ ಬಗ್ಗೆ ಹೇಳುವುದು ಕಡಿಮೆ. ಕ್ಯಾಬಿನ್‌ಗೆ ಒಯ್ಯುವ ದ್ರವಗಳಿಗೆ ಇರುವ 100 ಎಂಎಲ್ ಮಿತಿ ಔಷಧಕ್ಕೆ ಇಲ್ಲ, ಆದರೆ ಚೀಲದಿಂದ ತೆಗೆದು ತೋರಿಸಬೇಕು. ಇನ್ಸುಲಿನ್ ಪಂಪ್ (ಮೈಗೆ ಇನ್ಸುಲಿನ್ ತಾನಾಗಿ ಬಿಡುವ ಪುಟ್ಟ ಯಂತ್ರ) ಮತ್ತು ಸೆನ್ಸರ್ ಇರುವವರು ಎಕ್ಸ್‌ರೇ, ಬಾಡಿ ಸ್ಕ್ಯಾನರ್ ಬಗ್ಗೆ ತಯಾರಕರ ಸೂಚನೆ ಓದಿಕೊಂಡಿರಿ. ಹಲವರು ಬೇಡ ಅನ್ನುತ್ತಾರೆ, ಆಗ ಕೈಯಲ್ಲಿ ತಪಾಸಣೆ ಮಾಡಿ ಅಂತ ಕೇಳಬಹುದು. ಪೆನ್ನಿಗೆ ಸೂಜಿ ಹಾಕಿಯೇ ಇಟ್ಟರೆ ವಿಮಾನದಲ್ಲಿ ಗಾಳಿಯ ಒತ್ತಡ ಬದಲಾದಾಗ ಗಾಳಿಗುಳ್ಳೆ ಸೇರಬಹುದು, ಬಳಸಿದ ತಕ್ಷಣ ಸೂಜಿ ತೆಗೆಯಿರಿ.

ಟೈಮ್ ಝೋನ್ ಬಗ್ಗೆ ಜನ ವಿಪರೀತ ಹೆದರುತ್ತಾರೆ. ಪೂರ್ವಕ್ಕೆ ಹೋದರೆ ದಿನ ಚಿಕ್ಕದಾಗುತ್ತದೆ, ದಿನಪೂರ್ತಿ ಕೆಲಸ ಮಾಡುವ ಇನ್ಸುಲಿನ್‌ನ ಎರಡು ಡೋಸ್ ಒಂದರ ಮೇಲೊಂದು ಬೀಳಬಹುದು. ಪಶ್ಚಿಮಕ್ಕೆ ಹೋದರೆ ದಿನ ಉದ್ದವಾಗಿ ನಡುವೆ ತೆರಪು ಬರುತ್ತದೆ. ನಾನು ಹೊರಡುವ ಮೊದಲು ಡಾಕ್ಟರ ಜೊತೆ ಕೂತು ವಿಮಾನದ ಸಮಯ ಹಾಕಿ ಒಂದು ಪಟ್ಟಿ ಮಾಡಿಸಿಕೊಳ್ಳುತ್ತೇನೆ. ಇಳಿಯುವವರೆಗೂ ಗಡಿಯಾರ ಹಳೆಯ ಸಮಯದಲ್ಲೇ ಇರುತ್ತದೆ. ಆಮೇಲೆ ದಿನಕ್ಕೆ ಎರಡು ಮೂರು ಗಂಟೆ ಸರಿಸುತ್ತಾ ಹೊಸ ಸಮಯಕ್ಕೆ ತರುತ್ತೇನೆ. ಆ ದಿನಗಳಲ್ಲಿ ಶುಗರ್ ಸ್ವಲ್ಪ ಮೇಲಿದ್ದರೂ ತಲೆಕೆಡಿಸಿಕೊಳ್ಳುವುದಿಲ್ಲ. ಹೊಸ ಊರಲ್ಲಿ ಭಾರ ಹೊತ್ತು ನಡೆಯುವುದು ಜಾಸ್ತಿ, ಅದರಿಂದ ಶುಗರ್ ಇಳಿಯುವುದೇ ಹೆಚ್ಚು. ಪ್ರಯಾಣದ ವಾರದಲ್ಲಿ ಕಟ್ಟುನಿಟ್ಟಿನ ಅಂಕಿಯ ಹಿಂದೆ ಬೀಳುವುದು ನನ್ನ ಪ್ರಕಾರ ಸುಮ್ನೆ ಅಪಾಯ.

ವಾಂತಿಭೇದಿ ಮಾತ್ರ ಬೇರೆ ಮಾತು. ಏನೂ ತಿನ್ನುತ್ತಿಲ್ಲವಲ್ಲ, ಇನ್ಸುಲಿನ್ ಯಾಕೆ ಅನ್ನಿಸುತ್ತದೆ. ಟೈಪ್ 1 ಇದ್ದವರು ದಿನಪೂರ್ತಿಯ ಇನ್ಸುಲಿನ್ ನಿಲ್ಲಿಸಲೇಬಾರದು. ನಿಲ್ಲಿಸಿದರೆ ಮೈ ಕೊಬ್ಬನ್ನು ಒಡೆದು ಮಾಡುವ ಕೀಟೋನ್ ಎಂಬ ಆಮ್ಲ ಏರುತ್ತದೆ, ರಕ್ತ ಆಮ್ಲವಾಗುತ್ತದೆ, ಆಸ್ಪತ್ರೆ ಸೇರಬೇಕಾಗುತ್ತದೆ. ಕೀಟೋನ್ ಸ್ಟ್ರಿಪ್ ಮತ್ತು ಓಆರ್‌ಎಸ್ ಇಲ್ಲದೆ ನಾನು ಎಲ್ಲಿಗೂ ಹೊರಡುವುದಿಲ್ಲ. ಪ್ರಯಾಣ ವಿಮೆ ಕೊಳ್ಳುವಾಗ ಕಾಯಿಲೆ ಮೊದಲೇ ಇದೆ ಎಂದು ತಿಳಿಸಿ, ಅದಕ್ಕೂ ಸಿಗುತ್ತದೆ ಎಂದು ಬರಹದಲ್ಲಿ ಪಡೆದುಕೊಳ್ಳುವುದು ಇಂಥ ದಿನಕ್ಕಾಗಿಯೇ. ಮುಚ್ಚಿಟ್ಟು ಕೊಂಡ ವಿಮೆ ಬೇಕಾದ ದಿನ ಕೆಲಸಕ್ಕೆ ಬರುವುದಿಲ್ಲ.

ನೆಲೆ ನಿಂತಮೇಲೆ ಗಲಾಟೆ ಕಡಿಮೆ. ಆ ದೇಶ ತಲುಪಿದ ಮೊದಲ ವಾರದಲ್ಲೇ, ಆರೋಗ್ಯ ಚೆನ್ನಾಗಿರುವಾಗಲೇ ಡಾಕ್ಟರಲ್ಲಿ ಹೆಸರು ಹಚ್ಚಿ. ಕಾಯಿಲೆ ಇರುವವರಿಗೆ ಏನೇನು ಸೌಲಭ್ಯ ಇದೆ ಎಂದು ಬಾಯಿಬಿಟ್ಟು ಕೇಳಿ, ಯಾರೂ ತಾವಾಗಿ ಹೇಳುವುದಿಲ್ಲ. ಇಂಗ್ಲೆಂಡ್‌ನಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಒಂದು ವಿನಾಯಿತಿ ಪ್ರಮಾಣಪತ್ರ ಸಿಗುತ್ತದೆ, ಅದಿದ್ದರೆ ಚೀಟಿಯ ಔಷಧಗಳೆಲ್ಲ ಉಚಿತ. ಜರ್ಮನಿಯಲ್ಲಿ ದೀರ್ಘ ಕಾಯಿಲೆಯವರು ವರ್ಷಕ್ಕೆ ಕೈಯಿಂದ ಕೊಡಬೇಕಾದ ಪಾಲಿಗೆ ಆದಾಯದ ಶೇ. 1ರ ಮಿತಿ ಇದೆ, ಉಳಿದವರಿಗೆ ಅದು ಶೇ. 2. ಅರ್ಜಿ ಹಾಕಿದರೆ ಮಾತ್ರ. ಬ್ರಿಟನ್‌ನಲ್ಲಿ ಕಾರು ಓಡಿಸುವುದಾದರೆ ಇನ್ಸುಲಿನ್ ತೆಗೆದುಕೊಳ್ಳುತ್ತೀರಿ ಎಂದು ಲೈಸೆನ್ಸ್ ಇಲಾಖೆಗೆ ತಿಳಿಸಲೇಬೇಕು. ಓಡಿಸುವ ಮೊದಲು, ಆಮೇಲೆ ಎರಡು ಗಂಟೆಗೊಮ್ಮೆ ಶುಗರ್ ನೋಡಿಕೊಳ್ಳಬೇಕು. ಬಳಸಿದ ಸೂಜಿ ಎಲ್ಲಿ ಹಾಕಬೇಕು ಎಂಬ ನಿಯಮ ಊರಿಂದ ಊರಿಗೆ ಬೇರೆ. ಔಷಧ ಕೊಳ್ಳುವ ಜಾಗದಲ್ಲೇ ಕೇಳಿ.

ಒಬ್ಬರೇ ಇರುವವರಿಗೆ ರಾತ್ರಿ ಶುಗರ್ ಇಳಿಯುವುದು ದೊಡ್ಡ ಚಿಂತೆ. ನಾನು ಆಫೀಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುವುದಿಲ್ಲ. ಹೇಳಿದರೆ ಊಟದ ತಟ್ಟೆಗೆ ಹತ್ತು ಜನ ಇಣುಕುತ್ತಾರೆ. ಪಕ್ಕದ ಮೇಜಿನವರಿಗೊಬ್ಬರಿಗೆ, ಮನೆಯಲ್ಲಿ ಜೊತೆಗಿರುವವರಿಗೊಬ್ಬರಿಗೆ ಹೇಳುತ್ತೇನೆ. ಹೇಳುವುದೂ ಚಿಕ್ಕದಾಗಿ: "ನಾನು ಬೆವರುತ್ತಾ ಅಸಂಬದ್ಧ ಮಾತಾಡಿದರೆ ಸಿಹಿ ಪಾನೀಯ ಕೊಡಿ, ಸಕ್ಕರೆ ಇಲ್ಲದ ಡಯೆಟ್ ಪಾನೀಯ ಬೇಡ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಂಬುಲೆನ್ಸ್ ಕರೆಯಿರಿ." ಆ ದೇಶದ ತುರ್ತು ನಂಬರನ್ನು ಫ್ರಿಜ್ ಬಾಗಿಲಿಗೆ ಅಂಟಿಸುತ್ತೇನೆ. ಸೆನ್ಸರಿನ ಅಂಕಿ ಮನೆಯವರ ಫೋನಿಗೂ ಹೋಗುತ್ತದೆ. ಅವರು ಬೇರೆ ಖಂಡದಲ್ಲಿದ್ದರೂ ಅಲಾರಂ ಕೇಳಿ ನನಗೆ ಕರೆ ಮಾಡುತ್ತಾರೆ. ನಾನು ಎತ್ತದಿದ್ದರೆ ಯಾರಿಗೆ ಕರೆ ಮಾಡಬೇಕು ಅಂತ ನಾನಿರುವ ಊರಿನ ಒಬ್ಬರ ನಂಬರ್ ಅವರಲ್ಲಿ ಇರುತ್ತದೆ. ಇಳಿದ ಶುಗರನ್ನು ಬೇಗ ಏರಿಸುವ, ಮೂಗಿಗೆ ಹಾಕುವ ಗ್ಲುಕಗಾನ್ ಔಷಧ ಆ ದೇಶದಲ್ಲಿ ಸಿಗುವುದಾದರೆ ಮೊದಲ ಚೀಟಿಯಲ್ಲೇ ಬರೆಸಿಕೊಳ್ಳುತ್ತೇನೆ. ಸೂಜಿಗೆ ಹೆದರುವವರೂ ಅದನ್ನು ಕೊಡಬಲ್ಲರು. ಮನೆಗೆ ತಂದ ದಿನವೇ ಜೊತೆಗಿರುವವರನ್ನು ಕರೆದು, ಅದು ಯಾವ ಡ್ರಾಯರ್‌ನಲ್ಲಿದೆ, ಹೇಗೆ ಒತ್ತಬೇಕು ಎಂದು ತೋರಿಸುತ್ತೇನೆ.