ಕೊಡಗಿಂದ ಕಾನ್ಫರೆನ್ಸ್‌ಗೆ ಹೊರಟಿದ್ದೀರಾ? ಒಂದು ಪ್ರಶ್ನೆ ಇಟ್ಕೊಂಡು ಹೋಗಿ

ನಮ್ಮಂಥ ಸಣ್ಣ ಸಂಸ್ಥೇಲಿ ಕೆಲಸ ಮಾಡೋರಿಗೆ ಕಾನ್ಫರೆನ್ಸ್ ಅಂದ್ರೆ ಮೂರು ದಿನ ಫೀಲ್ಡ್ ಬಿಟ್ಟು ಹೋಗೋದು, ಅದೂ ಡಿಸೆಂಬರಿಂದ ಫೆಬ್ರವರಿ ತನಕ ಕಾಫಿ ಕುಯ್ಲಿನ ಟೈಮಲ್ಲಿ ಬಂದ್ರಂತೂ, ಲೈನ್‌ಮನೆ, ಅಂದ್ರೆ ತೋಟದ ಕಾರ್ಮಿಕರ ಸಾಲುಮನೆ, ಎಲ್ಲ ಹೊರಗಿಂದ ಬಂದ ಕುಟುಂಬಗಳಿಂದ ತುಂಬಿರತ್ತೆ, ಹೊರಡೋಕೆ ಮನಸ್ಸೇ ಬರಲ್ಲ. ಆದ್ರೂ ಹೋಗಿ ಅಂತೀನಿ. ಗೋಣಿಕೊಪ್ಪದ ಸುತ್ತಮುತ್ತ ಲೈನ್‌ಮನೆ ಮಕ್ಕಳನ್ನ ಶಾಲೆಗೆ ಸೇರ್ಸೋ ಕೆಲಸದಲ್ಲಿ ನನಗೆ ಗೊತ್ತಿರೋದ್ರಲ್ಲಿ ಎಷ್ಟೋ ವಿಷಯ ಬೇರೆ ಜಿಲ್ಲೆಯೋರ ಜೊತೆ ಟೀ ಕುಡೀತಾ ಕಲ್ತಿದ್ದು.

ಹೋಗೋ ಮೊದ್ಲು ಒಂದು ಪ್ರಶ್ನೆ ಬರ್ಕೊಳ್ಳಿ. "ಮಕ್ಕಳ ಶಿಕ್ಷಣದ ಬಗ್ಗೆ ತಿಳ್ಕೊಬೇಕು" ಅಂತ ಬರೆದ್ರೆ ಯಾರೂ ಉತ್ತರ ಕೊಡೋಕಾಗಲ್ಲ. ನಾನು ಬರ್ಕೊಂಡಿದ್ದು ಇದು: ಡಿಸೆಂಬರಲ್ಲಿ ಅಪ್ಪ ಅಮ್ಮನ ಜೊತೆ ತೋಟಕ್ಕೆ ಬಂದು ಮಾರ್ಚಲ್ಲಿ ಊರಿಗೆ ವಾಪಸ್ ಹೋಗೋ ಮಗು ಎರಡೂ ಕಡೆ ಪಾಠ ತಪ್ಪಿಸ್ಕೊಳ್ತಾ ಇದೆ, ಯಾರಾದ್ರೂ ಇದಕ್ಕೆ ದಾರಿ ಕಂಡ್ಕೊಂಡಿದ್ದೀರಾ? ಈ ಒಂದು ಸಾಲು ಕೈಯಲ್ಲಿದ್ರೆ ಯಾವ ಸೆಷನ್‌ಗೆ ಕೂರಬೇಕು, ಯಾರನ್ನ ಮಾತಾಡಿಸ್ಬೇಕು ಅನ್ನೋದು ತಾನಾಗೇ ಗೊತ್ತಾಗತ್ತೆ.

ಫೀಸ್ ವಿಷಯ. ರಿಜಿಸ್ಟ್ರೇಷನ್ ಫೀಸ್ ನೋಡಿ ಸುಮ್ನಾಗ್ಬೇಡಿ, ಸಣ್ಣ ಸಂಸ್ಥೆ, ಫೀಲ್ಡ್ ಕೆಲಸ, ಇಷ್ಟು ಮಾತ್ರ ಕೊಡೋಕಾಗತ್ತೆ ಅಂತ ಆಯೋಜಕರಿಗೆ ನೇರವಾಗಿ ಮೇಲ್ ಹಾಕಿ, ರಿಯಾಯ್ತಿ ಇದ್ರೂ ಎಷ್ಟೋ ಸಲ ಕೇಳಿದೋರಿಗೆ ಮಾತ್ರ ಸಿಗತ್ತೆ. ರಸೀದಿ ಸಂಸ್ಥೆ ಹೆಸರಲ್ಲೇ ಇರ್ಲಿ. ಬಸ್ ಟಿಕೆಟನ್ನ ಹತ್ತಿದ ತಕ್ಷಣ ಫೋಟೋ ತೆಗೆದಿಡಿ, ಆ ಪ್ರಿಂಟು ಆಡಿಟ್ ಹೊತ್ತಿಗೆ ಅಳಿಸಿಹೋಗಿರತ್ತೆ.

ಪ್ರಯಾಣಕ್ಕೆ ನಮ್ಮ ಜಿಲ್ಲೇಲಿ ರೈಲಿಲ್ಲ, ಮಡಿಕೇರಿಯಿಂದ ಮೈಸೂರು ಸ್ಟೇಷನ್‌ಗೇ ಹೆಚ್ಚುಕಮ್ಮಿ 120 ಕಿಲೋಮೀಟರ್. ದೆಹಲಿ, ಪುಣೆ ಕಡೆ ವಿಮಾನದಲ್ಲಿ ಹೋಗೋದಾದ್ರೆ 2018ರ ಡಿಸೆಂಬರಲ್ಲಿ ಶುರುವಾದ ಕಣ್ಣೂರು ಏರ್‌ಪೋರ್ಟ್ ವಿರಾಜಪೇಟೆ ಕಡೆಯೋರಿಗೆ ಹತ್ರ, ಆದ್ರೆ ಅಲ್ಲಿಗೆ ಹೋಗೋ ದಾರೀಲಿರೋ ಮಾಕುಟ್ಟ ಘಾಟಿಯನ್ನ ಮಳೆಗಾಲದಲ್ಲಿ ನಂಬ್ಕೊಂಡು ಟಿಕೆಟ್ ಮಾಡ್ಬೇಡಿ. 2018ರ ಆಗಸ್ಟಲ್ಲಿ ಗುಡ್ಡ ಕುಸಿದು ರಸ್ತೆಗಳೇ ಹೋಗಿದ್ದು ಯಾರಿಗೂ ಮರೆತಿಲ್ಲ, ಜೂನಿಂದ ಆಗಸ್ಟ್ ತನಕದ ಕಾರ್ಯಕ್ರಮ ಆದ್ರೆ ಒಂದು ದಿನ ಮುಂಚೆನೇ ಘಾಟಿ ಇಳ್ಕೊಂಡ್ಬಿಡಿ. ಬೆಂಗಳೂರಿಗೆ ರಾತ್ರಿ ಬಸ್ಸಲ್ಲಿ ಹೋದ್ರೆ ಬೆಳಗಾಗೋ ಮೊದ್ಲೇ ಸ್ಯಾಟಲೈಟ್ ಸ್ಟ್ಯಾಂಡಲ್ಲಿ ಇಳಿಸ್ತಾರೆ, ಹೆಣ್ಮಕ್ಕಳನ್ನ ಒಬ್ರನ್ನೇ ಕಳ್ಸೋದಾದ್ರೆ ಬೇಗ ರೂಮ್ ಕೊಡ್ತಾರಾ ಅಂತ ಮೊದ್ಲೇ ಮಾತಾಡಿ ಇಟ್ಕೊಳ್ಳಿ.

ಸ್ಲೈಡ್ ತೋರಿಸೋದಿದ್ರೆ ಇದನ್ನ ಗಮನ ಇಟ್ಟು ಓದಿ. ನನ್ನ ಮೊದಲ ಕಾನ್ಫರೆನ್ಸಲ್ಲಿ ಒಬ್ಬ ಹುಡುಗಿ ಫೋಟೋ, ಹೆಸರು, ತೋಟದ ಹೆಸರು ಎಲ್ಲ ಹಾಕಿದ್ದೆ. ಸಭೇಲಿ ಯಾರೋ ಅದರ ಫೋಟೋ ಹೊಡ್ಕೊಂಡ್ರು, ಗ್ರೂಪಿಂದ ಗ್ರೂಪಿಗೆ ಹೋಗಿ ಕೊನೆಗೆ ಅವಳ ಅಮ್ಮನ ಮೊಬೈಲಿಗೇ ಬಂತು. "ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ ಮೇಡಂ" ಅಂದ್ರು ಅಷ್ಟೇ, ಅವತ್ತಿಂದ ಮಗುವಿನ ಮುಖ ನನ್ನ ಸ್ಲೈಡಲ್ಲಿಲ್ಲ. ಪಾಲನೆ ರಕ್ಷಣೆ ಬೇಕಾದ ಮಕ್ಕಳ ಗುರುತನ್ನ ಮಾಧ್ಯಮದಲ್ಲಿ ಬಯಲು ಮಾಡೋದು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ ಕೂಡ. ಬೇಕಾದ್ರೆ ಕೈಬರಹದ ಫೋಟೋ ಹಾಕಿ, ಮಗು ಬಿಡಿಸಿದ ಚಿತ್ರ ಹಾಕಿ, ಅದಕ್ಕೂ ಮನೆಯೋರನ್ನ ಕೇಳಿ.

ದುಡ್ಡು ಕೊಡೋರು ಅಲ್ಲಿ ಸಿಗ್ತಾರೆ, ಹಾಗಂತ ಕಂಡ ತಕ್ಷಣ ಪ್ರಪೋಸಲ್ ಕೈಗಿಡ್ಬೇಡಿ. ಅವರ ನಿಯಮ ಗೊತ್ತಿದ್ರೆ ಮಾತು ನೆಟ್ಟಗೆ ಹೋಗತ್ತೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಅಡಿ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಸಿಎಸ್‌ಆರ್‌ಗೆ, ಅಂದ್ರೆ ಸಮಾಜದ ಕೆಲಸಕ್ಕೆ, ಖರ್ಚು ಮಾಡ್ಬೇಕು, ಅದನ್ನ ತಗೊಳ್ಳೋ ಸಂಸ್ಥೆಗೆ 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನೋಂದಣಿ ಬೇಕು. ಅದು ಆಗಿದೆಯಾ, 12ಎ, 80ಜಿ ಅನ್ನೋ ಆದಾಯ ತೆರಿಗೆ ವಿನಾಯ್ತಿ ನೋಂದಣಿ ಇದೆಯಾ ಅಂತ ಕೇಳೇ ಕೇಳ್ತಾರೆ, ನಂಬರ್ ಫೋನಲ್ಲಿರ್ಲಿ. ಇನ್ನೊಂದು, ವಿದೇಶಿ ಹಣ ಬರೋ ದೊಡ್ಡ ಸಂಸ್ಥೆಯೋರನ್ನ "ನಿಮ್ಮ ಗ್ರಾಂಟಲ್ಲಿ ನಮಗೂ ಸ್ವಲ್ಪ ಕೊಡಿ" ಅಂತ ಕೇಳ್ಬೇಡಿ, ವಿದೇಶಿ ದೇಣಿಗೆ ಕಾಯ್ದೆಗೆ (ಎಫ್‌ಸಿಆರ್‌ಎ) 2020ರಲ್ಲಿ ತಿದ್ದುಪಡಿ ಆದ್ಮೇಲೆ ಆ ಹಣವನ್ನ ಬೇರೆ ಸಂಸ್ಥೆಗೆ ದಾಟಿಸೋ ಹಾಗಿಲ್ಲ. ತರಬೇತಿ ಕೇಳಿ, ಅವರ ಪಾಠದ ಸಾಮಗ್ರಿ ಕೇಳಿ.

ಭಾಷೆ ಬಗ್ಗೆ ಹೆದರ್ಬೇಡಿ. ಮೈಕ್ ಬಂದಾಗ ಎದ್ದು ನಿಂತು "ಕನ್ನಡದಲ್ಲಿ ಕೇಳ್ತೀನಿ, ಯಾರಾದ್ರೂ ಇಂಗ್ಲಿಷಲ್ಲಿ ಹೇಳಿ" ಅನ್ನಿ. ನಾನು ಹಾಗೇ ಕೇಳಿದ್ದಕ್ಕೆ ಟೀ ಬ್ರೇಕಲ್ಲಿ ಕಬ್ಬು ಕಡಿಯೋ ಕುಟುಂಬಗಳ ಜೊತೆ ಕೆಲಸ ಮಾಡೋ ಅಕ್ಕ ಒಬ್ರು ನನ್ನನ್ನ ಹುಡ್ಕೊಂಡು ಬಂದ್ರು. ಲೋಟ ಕಿಟಕಿ ಮೇಲಿಟ್ಟು ಪರ್ಸಿಂದ ಒಂದು ಕಾರ್ಡ್ ತೆಗೆದ್ರು, ಅಂಗೈ ಅಗಲದ್ದು, ಹಳದಿ, ಪ್ಲಾಸ್ಟಿಕ್ ಕವರ್ ಹಾಕಿ ಮೂಲೇಲಿ ತೂತು ಮಾಡಿ ದಾರ ಕಟ್ಟಿದ್ದು. ಮಗುವಿನ ತರಗತಿ, ಯಾವ ಪಾಠಕ್ಕೆ ನಿಂತಿದೆ, ಹೆಡ್‌ಮಾಸ್ಟ್ರ ಫೋನ್ ನಂಬರ್. ಅಮ್ಮನ ಚೀಲದಲ್ಲೇ ಇರತ್ತೆ, ಹೋದ ಊರಿನ ಶಾಲೇಲಿ ತೋರಿಸ್ತಾರೆ. ಇಂಥದ್ದು ಸಿಕ್ರೆ ಅವತ್ತು ರಾತ್ರಿನೇ ಬರೆದಿಡಿ, ಯಾರು, ಎಲ್ಲಿಯೋರು, ಏನಂದ್ರು ಅಂತ. ಬೆಳಗ್ಗೆ ಹೊತ್ತಿಗೆ ಎಲ್ಲ ಕಲಸಿ ಹೋಗಿರತ್ತೆ. ಊಟದ ಹೊತ್ತಲ್ಲಿ ನಿಮ್ಮೂರೋರ ಜೊತೆಗೇ ಕೂತ್ಕೊಬೇಡಿ.

ವಾಪಸ್ ಬಂದ ಎರಡು ದಿನದೊಳಗೆ ಸಿಕ್ಕೋರಿಗೆಲ್ಲ ಮೆಸೇಜ್ ಹಾಕಿ, ಒಂದು ವಾರದೊಳಗೆ ಆಫೀಸಲ್ಲಿ ಅರ್ಧ ಗಂಟೆ ಕೂತು ಹೇಳಿ, ಆಮೇಲೆ ಲೈನ್‌ಮನೆಗೂ ಹೋಗಿ ಹೇಳಿ, ಅವರ ಕಥೆ ತಗೊಂಡು ಹೋಗಿದ್ದು ನಾವು ತಾನೇ. ನಾವು ಆ ಕಾರ್ಡ್ ತೋರಿಸಿದಾಗ ತೋಟದ ಲೆಕ್ಕ ಬರೆಯೋ ರೈಟ್ರೇ ಹೊಸ ಕುಟುಂಬ ಬಂದ ದಿನ ಫೋನ್ ಮಾಡ್ತೀನಿ ಅಂತ ಒಪ್ಕೊಂಡ್ರು. ಅಸ್ಸಾಂ ಕಡೆಯಿಂದ ಬಂದ ಒಬ್ಬ ತಾಯಿ ಕಾರ್ಡನ್ನ ತಿರುವಿ ನೋಡಿ, ನನ್ನ ಮಗ ಮನೇಲಿ ಯಾವ ಭಾಷೆ ಮಾತಾಡ್ತಾನೆ ಅಂತ ಇದ್ರಲ್ಲಿ ಇಲ್ವಲ್ಲ ಅಂದ್ರು. ಆ ಸಾಲು ಸೇರಿಸಿ ಅಕ್ಕನಿಗೆ ಫೋಟೋ ಕಳ್ಸಿದ್ವಿ, ಈಗ ಅವರ ಹಳದಿ ಕಾರ್ಡಲ್ಲೂ ಆ ಸಾಲಿದೆ.