ನನ್ನ ಮೊಣಕಾಲಿನ ಸ್ಲೈಡುಗಳು

ಕಳೆದ ಮಳೆಗಾಲದಲ್ಲಿ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವಾಗ ಬೈಕು ಜಾರಿ ಮೊಣಕಾಲು ಮುರಕಲ್ಲಿಗೆ ಉಜ್ಜಿಹೋಯಿತು. ಹೊಲಿಗೆ ಬೇಕಾಗುವಂಥದ್ದಲ್ಲ, ಅಂಗೈಯಗಲದ ತರಚು ಗಾಯ. ಲ್ಯಾಬಿನಲ್ಲಿ ಕೂತು ಊರವರ ರಕ್ತ ನೋಡುವ ನನಗೆ ನನ್ನದನ್ನೇ ನೋಡುವ ಚಪಲ ಹತ್ತಿತು. 1955ರಲ್ಲಿ ರೆಬಕ್ ಮತ್ತು ಕ್ರೌಲಿ ಎಂಬ ಸಂಶೋಧಕರು ಚರ್ಮ ಹೆರೆದು, ಮೇಲೆ ಕವರ್‌ಸ್ಲಿಪ್ ಎಂಬ ತೆಳು ಗಾಜು ಇಟ್ಟು, ಯಾವ ಬಿಳಿ ರಕ್ತಕಣ ಯಾವಾಗ ಬಂದು ಅಂಟುತ್ತದೆಂದು ನೋಡಿದ್ದರು. ಹೆರೆಯುವ ಕೆಲಸ ನನಗೆ ರಸ್ತೆಯೇ ಮಾಡಿಕೊಟ್ಟಿತ್ತು. ಡ್ರೆಸ್ಸಿಂಗ್ ಬದಲಿಸುವಾಗ ಆಟೋಕ್ಲೇವ್ ಮಾಡಿದ ಸ್ಲೈಡನ್ನು ಒಮ್ಮೆ ತಾಗಿಸಿ, ಒಣಗಿಸಿ, ರಕ್ತಕಣಗಳನ್ನು ಗುರುತಿಸಲು ಹಾಕುವ ಲೀಶ್‌ಮನ್ ಬಣ್ಣ ಹಾಕಿದೆ.

ಮೊದಲನೆಯದು ಹಾಳು. ಬಣ್ಣದ ಪಿಎಚ್ (ಆಮ್ಲ-ಕ್ಷಾರದ ಅಳತೆ) ಹದದಲ್ಲಿಡುವ ಬಫರ್ ದ್ರಾವಣ ಮುಗಿದಿತ್ತೆಂದು ಬಾವಿ ನೀರು ಹೊಯ್ದಿದ್ದೆ. ಪಿಎಚ್ 6.8 ಬೇಕಾದಲ್ಲಿ ನಮ್ಮ ಮುರಕಲ್ಲಿನ ಬಾವಿಯದ್ದು 5.7. ಸ್ಲೈಡೆಲ್ಲ ಕೆಂಪು, ಕಣಗಳ ನಡುವಿನ ನ್ಯೂಕ್ಲಿಯಸ್ ಪೇಲವ. ಇಪ್ಪತ್ತು ವರ್ಷದ ಕಸುಬು ನೀರಿಗೆ ಬಿತ್ತು.

ಸಂಜೆಯದ್ದು ಸರಿ ಬಂತು. ತುಂಬ ನ್ಯೂಟ್ರೋಫಿಲ್‌ಗಳೇ, ಗಾಯಕ್ಕೆ ಮೊದಲು ಓಡಿಬರುವ ಬಿಳಿ ರಕ್ತಕಣಗಳು, ಜಾತ್ರೆಗೆ ಬಂದವರ ಹಾಗೆ. ಮರುದಿನ ನಡುನಡುವೆ ದೊಡ್ಡ ಮ್ಯಾಕ್ರೋಫೇಜ್‌ಗಳು, ಸತ್ತ ಕಣಗಳನ್ನು ನುಂಗುವವು. ಎರಡು ದಿನ ಕಳೆದ ಸ್ಲೈಡನ್ನು ಮಾತ್ರ ಸೂಕ್ಷ್ಮದರ್ಶಕದ ಆಯಿಲ್ ಇಮ್ಮರ್ಶನ್ ಮಸೂರದಡಿ ಇಟ್ಟು ಊಟ ಮರೆತೆ. ಕೆಲವು ನ್ಯೂಟ್ರೋಫಿಲ್‌ಗಳ ಹಾಲೆಹಾಲೆಯ ನ್ಯೂಕ್ಲಿಯಸ್ ಮುದುಡಿ ಸಾಸಿವೆಯಂತೆ ಕಪ್ಪಗೆ ಗುಂಡಗಾಗಿತ್ತು. ಆದರೆ ಪೊರೆ ಒಡೆದಿರಲಿಲ್ಲ. ಅಂಥದ್ದೊಂದು ಮ್ಯಾಕ್ರೋಫೇಜಿನ ಹೊಟ್ಟೆಯೊಳಗೆ, ಸುತ್ತ ತೆಳುವಾದ ಬಿಳಿ ಪ್ರಭಾವಳಿಯೊಂದಿಗೆ ಕೂತಿತ್ತು.

ಪೊರೆ ಒಡೆಯದಿರುವುದೇ ಇಲ್ಲಿ ಮುಖ್ಯ. ಒಡೆದರೆ ಒಳಗಿನ ಎಲಾಸ್ಟೇಸ್‌ನಂಥ ಕಿಣ್ವ ಚೆಲ್ಲಿ ನಮ್ಮದೇ ಮಾಂಸವನ್ನು ತಿನ್ನುತ್ತದೆ. ಹೀಗೆ ಒಡೆಯದೆ ಮುದುಡಿ ಸಾಯುವುದಕ್ಕೆ ಅಪೊಪ್ಟೋಸಿಸ್ ಎನ್ನುತ್ತಾರೆ. ಅದರಲ್ಲಿ ಸಾಯುವ ಕಣ ಒಳಮೈಯ ಫಾಸ್ಫಟಿಡಿಲ್‌ಸೆರಿನ್ ಎಂಬ ಕೊಬ್ಬನ್ನು ಹೊರಮೈಗೆ ತಿರುಗಿಸುತ್ತದೆ. ತಿನ್ನು ಎಂಬ ಗುರುತದು. ತಿಂದ ಮ್ಯಾಕ್ರೋಫೇಜ್ ತಾನೂ ಬದಲಾಗುತ್ತದೆ. ಉರಿಯೂತ ಏರಿಸುವ ಸಂಕೇತಗಳನ್ನು ತಗ್ಗಿಸಿ, ಟಿಜಿಎಫ್-ಬೀಟಾದಂಥ ತಣಿಸುವ ವಸ್ತು ಬಿಡುತ್ತದೆ. 1998ರಲ್ಲಿ ಫಾಡೋಕ್ ಎಂಬ ಸಂಶೋಧಕಿಯ ತಂಡ ತೋರಿಸಿದ್ದು ಇದನ್ನೇ. ಬಾವು ತಾನಾಗಿ ಆರುವ ಕೆಂಡ ಎಂದುಕೊಂಡಿದ್ದೆ. ಅಲ್ಲ, ಆರಿಸುವ ಆಳುಗಳಿದ್ದಾರೆ. ಈ ಗುಣಬದಲಾವಣೆ ಲೀಶ್‌ಮನ್ ಬಣ್ಣಕ್ಕೆ ಸಿಗುವಂಥದ್ದಲ್ಲ ಎಂಬುದೊಂದು ಬೇಜಾರು.

ಕೆಲಸ ಮುಗಿಸಿದ ಮ್ಯಾಕ್ರೋಫೇಜ್‌ಗಳಲ್ಲಿ ಹಲವು ದುಗ್ಧನಾಳ ಹಿಡಿದು ಹತ್ತಿರದ ದುಗ್ಧಗ್ರಂಥಿಗೆ ಹೋಗುತ್ತವೆ. ತೊಡೆಸಂದು ಒತ್ತಿ ನೋಡಿಕೊಂಡೆ, ಕೈಗೇನೂ ಸಿಗಲಿಲ್ಲ.

ಆರನೇ ದಿನ ಸ್ಲೈಡಿಗೆ ಏನೂ ಅಂಟಲಿಲ್ಲ. ಹಕ್ಕಳೆ ಎಬ್ಬಿಸಿ ಇನ್ನೊಂದು ತೆಗೆಯಲು ಹೊರಟಾಗ ಅಮ್ಮ ಕೈಗೆ ಹೊಡೆದರು.